ಡೈವ್ ಕಂಪ್ಯೂಟರ್ ನಂಬುವ ಮುನ್ನ: ಟೇಬಲ್ ಲೆಕ್ಕ ಕಲಿತು ಬಳಸುವ ಬಗೆ

ನೀರಿನಡಿ ಇನ್ನೆಷ್ಟು ಹೊತ್ತು ಇರಬಹುದು ಎಂದು ಸ್ಕೂಬಾ ಡೈವರ್ ಒಬ್ಬರನ್ನು ಕೇಳಿದರೆ, ಅವರು ಮಣಿಕಟ್ಟು ತಿರುಗಿಸಿ ಪರದೆ ನೋಡಿ ಉತ್ತರ ಹೇಳುತ್ತಾರೆ. ಅದು ತಪ್ಪಲ್ಲ. ಮಣಿಕಟ್ಟಿನ ಆ ಡೈವ್ ಕಂಪ್ಯೂಟರ್ ಇಲ್ಲದೆ ಇವತ್ತು ದಿನಕ್ಕೆ ಮೂರು ಡೈವ್ ಮಾಡುವುದು ಕಷ್ಟ. ಹಲವು ತರಬೇತಿ ಸಂಸ್ಥೆಗಳು ಆರಂಭಿಕ ಕೋರ್ಸಿನಲ್ಲಿ ಟೇಬಲ್ (ಯಾವ ಆಳದಲ್ಲಿ ಎಷ್ಟು ನಿಮಿಷ ಇರಬಹುದು ಎಂದು ಹೇಳುವ ಮುದ್ರಿತ ಪಟ್ಟಿ) ಬದಲು ಕಂಪ್ಯೂಟರ್ ಕಲಿಸಿದರೂ ಸಾಕು ಎನ್ನುತ್ತವೆ. ತೊಂದರೆ ಬೇರೆ ಕಡೆ ಇದೆ. ಟೇಬಲ್ ಗೊತ್ತಿಲ್ಲದವರಿಗೆ ಪರದೆಯ ಮೇಲೆ 45 ಎಂದು ಬಂದರೆ ಅದು ನಂಬುವಂಥ ಸಂಖ್ಯೆಯೋ ಅಲ್ಲವೋ ಎಂದು ತೂಗಿ ನೋಡಲು ಕೈಯಲ್ಲಿ ಏನೂ ಇರುವುದಿಲ್ಲ. ಈ ಲೇಖನ ಟೇಬಲ್ ಕಲಿಯಲು ಹೇಳುವುದು ಆ ಕಾರಣಕ್ಕೆ. ಡೈವನ್ನು ಕಂಪ್ಯೂಟರ್ ನೋಡಿಕೊಂಡೇ ಮಾಡಿ, ಕಂಪ್ಯೂಟರನ್ನು ಪರೀಕ್ಷಿಸಲು ಟೇಬಲ್ ಇಟ್ಟುಕೊಳ್ಳಿ.

ಇದನ್ನು ಓದಿದ್ದು ತರಬೇತಿಗೆ ಬದಲಿಯಾಗದು. ಇಲ್ಲಿನ ಲೆಕ್ಕಗಳನ್ನು ನಿಮ್ಮ ಬಳಿ ಇರುವ ಮುದ್ರಿತ ಟೇಬಲ್ ಎದುರಿಗಿಟ್ಟುಕೊಂಡು, ಬೋಧಕರ ಜೊತೆ ಕೂತು ಒಮ್ಮೆ ಮಾಡಿ ನೋಡಿ.

ಎರಡೂ ಎಣಿಸುವುದು ಸಾರಜನಕವನ್ನೇ

ಪ್ರತಿ 10 ಮೀಟರ್ ಇಳಿದಾಗ ನೀರಿನ ಒತ್ತಡ ಸುಮಾರು 1 ಬಾರ್ ಏರುತ್ತದೆ. ಉಸಿರಾಡುವ ಗಾಳಿಯ ಒತ್ತಡವೂ ಅಷ್ಟೇ ಏರುತ್ತದೆ, ಅದರಲ್ಲಿ ನೂರಕ್ಕೆ 79 ಪಾಲು ಇರುವ ಸಾರಜನಕ ರಕ್ತದ ಮೂಲಕ ಅಂಗಾಂಶಗಳಲ್ಲಿ ಕರಗುತ್ತಾ ಹೋಗುತ್ತದೆ. ಮೇಲೆ ಬರುವಾಗ ಅದು ಹೊರಗೆ ಹೋಗಬೇಕು. ಹೋಗುವುದಕ್ಕಿಂತ ವೇಗವಾಗಿ ಒತ್ತಡ ಇಳಿದರೆ ಗುಳ್ಳೆಗಳಾಗಿ ಡಿಕಂಪ್ರೆಷನ್ ಕಾಯಿಲೆ ಬರುತ್ತದೆ.

ಎಲ್ಲ ಅಂಗಾಂಶಗಳೂ ಒಂದೇ ವೇಗದಲ್ಲಿ ತುಂಬುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತಂದವರು ಜಾನ್ ಸ್ಕಾಟ್ ಹಾಲ್ಡೇನ್. 1908ರಲ್ಲಿ ಪ್ರಕಟವಾದ ಅವರ ಮತ್ತು ಸಹೋದ್ಯೋಗಿಗಳ ಕೆಲಸದಲ್ಲಿ ದೇಹವನ್ನು ಐದು ಕಾಲ್ಪನಿಕ ವಿಭಾಗಗಳಾಗಿ ಒಡೆದು, ಅವಕ್ಕೆ 5, 10, 20, 40 ಮತ್ತು 75 ನಿಮಿಷಗಳ ಅರ್ಧಾವಧಿ ಕೊಡಲಾಗಿತ್ತು. ಪ್ರಯೋಗ ಮುಖ್ಯವಾಗಿ ಮೇಕೆಗಳ ಮೇಲೆ ನಡೆದಿತ್ತು. ಅರ್ಧಾವಧಿ ಎಂದರೆ ಬಾಕಿ ಇರುವ ವ್ಯತ್ಯಾಸದಲ್ಲಿ ಅರ್ಧ ತುಂಬಲು ಅಥವಾ ಖಾಲಿಯಾಗಲು ಹಿಡಿಯುವ ಸಮಯ. ಆರು ಅರ್ಧಾವಧಿ ಕಳೆದರೆ 98 ಪ್ರತಿಶತಕ್ಕಿಂತ ಹೆಚ್ಚು ಕೆಲಸ ಮುಗಿದಿರುತ್ತದೆ. ಇಂದಿನ ಅನೇಕ ಕಂಪ್ಯೂಟರ್‌ಗಳಲ್ಲಿ ಇರುವ, ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಬ್ಯೂಲ್‌ಮನ್ ರೂಪಿಸಿದ ಝಡ್‌ಎಚ್‌-ಎಲ್16 ಮಾದರಿಯಲ್ಲಿ ಇಂಥ 16 ವಿಭಾಗಗಳಿವೆ, ಅತಿ ನಿಧಾನದ್ದರ ಅರ್ಧಾವಧಿ 635 ನಿಮಿಷ. ತಳಹದಿ ಮಾತ್ರ ಹಾಲ್ಡೇನರದ್ದೇ.

ಟೇಬಲ್ ಈ ಲೆಕ್ಕವನ್ನು ಮೊದಲೇ ಮಾಡಿ ಮುದ್ರಿಸಿಟ್ಟುಕೊಂಡಿದೆ. ನೀವು ಇಡೀ ಡೈವನ್ನು ಅತಿ ಹೆಚ್ಚಿನ ಆಳದಲ್ಲೇ ಕಳೆದಿರಿ ಎಂದು ಅದು ಭಾವಿಸುತ್ತದೆ. ಕಂಪ್ಯೂಟರ್ ಒತ್ತಡದ ಸೆನ್ಸರ್ ಮೂಲಕ ಕೆಲವೇ ಸೆಕೆಂಡಿಗೊಮ್ಮೆ ನಿಜವಾದ ಆಳ ಓದಿ, ಪ್ರತಿ ವಿಭಾಗವನ್ನೂ ಆಗಿಂದಾಗ್ಗೆ ಲೆಕ್ಕ ಹಾಕುತ್ತದೆ. ಎರಡರ ನಡುವಿನ ಎಲ್ಲ ವ್ಯತ್ಯಾಸಕ್ಕೂ ಮೂಲ ಇದೇ.

ಟೇಬಲ್ ಓದುವುದು: ಮೂರು ಹೆಜ್ಜೆ

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಪ್ಯಾಡಿ ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಆರ್‌ಡಿಪಿ (ರಿಕ್ರಿಯೇಷನಲ್ ಡೈವ್ ಪ್ಲಾನರ್) ಟೇಬಲ್, ಮೀಟರ್ ಆವೃತ್ತಿ. ಬೇರೆ ಸಂಸ್ಥೆಯ ಟೇಬಲ್ ನಿಮ್ಮಲ್ಲಿದ್ದರೆ ವಿಧಾನ ಹೆಚ್ಚುಕಡಿಮೆ ಅದೇ, ಸಂಖ್ಯೆಗಳು ಬೇರೆ. ಒಂದು ಟೇಬಲ್‌ನ ಅಕ್ಷರ (ದೇಹದಲ್ಲಿ ಎಷ್ಟು ಸಾರಜನಕ ಉಳಿದಿದೆ ಎಂದು ಹೇಳುವ ಎ, ಬಿ, ಸಿ ಗುಂಪು) ಹಿಡಿದು ಇನ್ನೊಂದು ಟೇಬಲ್‌ಗೆ ಹೋಗಲೇಬೇಡಿ. ಅಮೆರಿಕದ ನೌಕಾಪಡೆಯ ಟೇಬಲ್‌ನಲ್ಲಿರುವ ಕೆ ಗುಂಪಿಗೂ ಆರ್‌ಡಿಪಿಯ ಕೆ ಗುಂಪಿಗೂ ಸಂಬಂಧವಿಲ್ಲ.

ಮೊದಲು ಬಾಯಿಪಾಠ ಮಾಡಬೇಕಾದವು ಡಿಕಂಪ್ರೆಷನ್ ನಿಲುಗಡೆ (ಸಾರಜನಕ ಹೊರಹೋಗಲೆಂದು ಏರುವಾಗ ನಡುವೆ ನಿಲ್ಲುವುದು) ಬೇಡದ ಗರಿಷ್ಠ ಸಮಯಗಳು, ಅಂದರೆ ಎನ್‌ಡಿಎಲ್. ದಿನದ ಮೊದಲ ಡೈವಿಗೆ, ಸಾಧಾರಣ ಗಾಳಿಯಲ್ಲಿ: 12 ಮೀಟರಿಗೆ 147 ನಿಮಿಷ, 18ಕ್ಕೆ 56, 20ಕ್ಕೆ 45, 25ಕ್ಕೆ 29, 30ಕ್ಕೆ 20, 40ಕ್ಕೆ 9. ಎಲ್ಲವೂ ನೆನಪಿರದಿದ್ದರೆ 18–56, 25–29, 30–20 ಈ ಮೂರಾದರೂ ಇರಲಿ. ಮುಂದೆ ಕಂಪ್ಯೂಟರಿನ ತಪ್ಪು ಹಿಡಿಯಲು ಇವೇ ಆಸರೆ. 20 ಮೀಟರಿನಿಂದ 30ಕ್ಕೆ ಇಳಿದರೆ ಸಮಯ ಅರ್ಧಕ್ಕಿಂತ ಕಡಿಮೆಯಾಗುವುದನ್ನೂ ಗಮನಿಸಿ.

ಹೆಜ್ಜೆ 1: ಡೈವಿನ ಅತಿ ಹೆಚ್ಚಿನ ಆಳ ಮತ್ತು ಬಾಟಮ್ ಟೈಮ್ ಹಿಡಿದು ಒತ್ತಡದ ಗುಂಪಿನ ಅಕ್ಷರ ಹುಡುಕಿ. ಬಾಟಮ್ ಟೈಮ್ ಶುರುವಾಗುವುದು ನೀರಿನ ಮೇಲ್ಮೈ ಬಿಟ್ಟ ಕ್ಷಣದಿಂದ, ಮುಗಿಯುವುದು ನೇರವಾಗಿ ಮೇಲೇರಲು ಹೊರಟ ಕ್ಷಣಕ್ಕೆ. ತಳ ಮುಟ್ಟಿದ ಮೇಲೆ ಗಡಿಯಾರ ಒತ್ತುವವರು ಇಳಿಯುವ ಮೂರು ನಾಲ್ಕು ನಿಮಿಷವನ್ನು ತಿಂದುಹಾಕಿರುತ್ತಾರೆ. ಸಂಖ್ಯೆ ಟೇಬಲ್‌ನಲ್ಲಿ ಇಲ್ಲದಿದ್ದರೆ ಯಾವಾಗಲೂ ಮುಂದಿನ ದೊಡ್ಡ ಸಂಖ್ಯೆಗೆ ಹೋಗಿ, ನಡುವೆ ಅಂದಾಜು ಹಾಕಬೇಡಿ. 17.2 ಮೀಟರಿಗೆ 18, 29 ನಿಮಿಷಕ್ಕೆ 30. 18 ಮೀಟರ್, 30 ನಿಮಿಷಕ್ಕೆ ಬರುವ ಅಕ್ಷರ ಕೆ.

ಹೆಜ್ಜೆ 2: ಸರ್ಫೇಸ್ ಇಂಟರ್ವಲ್, ಅಂದರೆ ಎರಡು ಡೈವ್‌ಗಳ ನಡುವೆ ಮೇಲೆ ಕಳೆದ ಸಮಯ. ಕೆ ಸಾಲಿನಲ್ಲಿ 1 ಗಂಟೆ 5 ನಿಮಿಷ ಯಾವ ಚೌಕದಲ್ಲಿ ಬೀಳುತ್ತದೆ ನೋಡಿದರೆ ಹೊಸ ಅಕ್ಷರ ಸಿ. ಆರ್‌ಡಿಪಿ ಈ ಬಿಡುಗಡೆಯನ್ನು 60 ನಿಮಿಷದ ಅರ್ಧಾವಧಿಯಲ್ಲಿ ಎಣಿಸುತ್ತದೆ, ಹಾಗಾಗಿ ಆರು ಗಂಟೆ ಕಳೆದರೆ ಹಿಂದಿನ ಡೈವ್ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಹೆಜ್ಜೆ 3: ಎರಡನೇ ಡೈವಿನ ಆಳವನ್ನು ಸಿ ಜೊತೆ ಹೊಂದಿಸಿ. 16 ಮೀಟರಿಗೆ ಎರಡು ಸಂಖ್ಯೆ ಸಿಗುತ್ತವೆ: 17 ಮತ್ತು 55. ಮೊದಲನೆಯದು ದೇಹದಲ್ಲಿ ಉಳಿದಿರುವ ಸಾರಜನಕಕ್ಕೆ ಸಮನಾದ ನಿಮಿಷ, ಎರಡನೆಯದು ಈಗ ನಿಮಗಿರುವ ಗರಿಷ್ಠ ಸಮಯ. ಎರಡನ್ನೂ ಕೂಡಿದರೆ 72, ಅದೇ 16 ಮೀಟರಿನ ಮೂಲ ಮಿತಿ. ಕೂಡಿದಾಗ ಮಿತಿ ಬರದಿದ್ದರೆ ತಪ್ಪು ಸಾಲು ಓದಿದ್ದೀರಿ. ಈ ತಾಳೆ ನೋಡುವ ಅಭ್ಯಾಸ ಮಾಡಿಕೊಂಡರೆ ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಎರಡನೇ ಡೈವಿನಲ್ಲಿ 40 ನಿಮಿಷ ಇದ್ದಿರಿ ಎನ್ನೋಣ. ಮೂರನೇ ಡೈವಿಗಾಗಿ ಹೊಸ ಅಕ್ಷರ ಹುಡುಕುವಾಗ 40 ಅಲ್ಲ, 40ಕ್ಕೆ 17 ಸೇರಿಸಿ 57 ನಿಮಿಷ ಹಿಡಿಯಬೇಕು. ಕಲಿಯುವವರು ಅತಿ ಹೆಚ್ಚು ಎಡವುವುದು ಇಲ್ಲಿ. ಹಳೆಯ 17 ನಿಮಿಷವನ್ನು ಮರೆತರೆ ಮೂರನೇ ಡೈವಿನ ಇಡೀ ಲೆಕ್ಕ ನಿಮ್ಮ ಪರವಾಗಿ ಸುಳ್ಳು ಹೇಳುತ್ತದೆ.

ಟೇಬಲನ್ನು ಹಿಂದುಮುಂದಾಗಿ ಓದುವುದೂ ಬಹಳ ಉಪಯುಕ್ತ. ಎರಡನೇ ಡೈವ್ 18 ಮೀಟರಿಗೆ 45 ನಿಮಿಷ ಬೇಕು ಎಂದಿದ್ದರೆ ಬಿ ಗುಂಪಿನಲ್ಲಿ ಇರಬೇಕು. ಕೆಯಿಂದ ಬಿಗೆ ಬರಲು ಕನಿಷ್ಠ 1 ಗಂಟೆ 17 ನಿಮಿಷ. ದೋಣಿ ಬೇಗ ಹೊರಡಬೇಕು ಎಂದು ಯಾರಾದರೂ ಅವಸರ ಮಾಡಿದಾಗ ಈ ಒಂದು ಸಂಖ್ಯೆ ವಾದ ಮುಗಿಸುತ್ತದೆ.

ಉಳಿದ ನಿಯಮಗಳು ಚಿಕ್ಕವು. ಏರುವ ವೇಗ ಆರ್‌ಡಿಪಿಯಲ್ಲಿ ನಿಮಿಷಕ್ಕೆ 18 ಮೀಟರ್ ಮೀರಬಾರದು, ಇಂದಿನ ಹೆಚ್ಚಿನ ಕಂಪ್ಯೂಟರ್‌ಗಳು ಕೇಳುವ 9–10 ಮೀಟರ್ ಪಾಲಿಸುವುದು ಮೇಲು. 5 ಮೀಟರಿನಲ್ಲಿ 3 ನಿಮಿಷದ ಸೇಫ್ಟಿ ಸ್ಟಾಪ್ ಪ್ರತಿ ಡೈವಿಗೂ ಇರಲಿ. 30 ಮೀಟರ್ ಮುಟ್ಟಿದ್ದರೆ ಅಥವಾ ಮಿತಿಯಿಂದ ಮೂರು ಗುಂಪಿನೊಳಗೆ ಬಂದಿದ್ದರೆ ಅದು ಕಡ್ಡಾಯ. ನೀರು ತುಂಬ ತಣ್ಣಗಿದ್ದರೆ ಅಥವಾ ಮೈಬಗ್ಗಿಸಿ ಕೆಲಸ ಮಾಡಬೇಕಿದ್ದರೆ ನಿಜವಾದ ಆಳಕ್ಕೆ 4 ಮೀಟರ್ ಸೇರಿಸಿ ಯೋಜಿಸಿ. ದಿನಕ್ಕೆ ಮೂರು ಅಥವಾ ಹೆಚ್ಚು ಡೈವ್ ಇರುವಾಗ ಅಕ್ಷರ ಡಬ್ಲ್ಯೂ ಅಥವಾ ಎಕ್ಸ್ ಬಂದರೆ ಮುಂದಿನ ಎಲ್ಲ ಇಂಟರ್ವಲ್ ಕನಿಷ್ಠ 1 ಗಂಟೆ, ವೈ ಅಥವಾ ಝಡ್ ಬಂದರೆ 3 ಗಂಟೆ.

ಮಿತಿ ಮೀರಿಹೋದರೆ? 5 ನಿಮಿಷದೊಳಗೆ ಮೀರಿದ್ದರೆ 5 ಮೀಟರಿನಲ್ಲಿ 8 ನಿಮಿಷ ನಿಂತು, ಮೇಲೆ ಬಂದು 6 ಗಂಟೆ ಡೈವ್ ಬಿಡಬೇಕು. 5 ನಿಮಿಷಕ್ಕಿಂತ ಹೆಚ್ಚು ಮೀರಿದ್ದರೆ ಸಿಲಿಂಡರಿನಲ್ಲಿ ಗಾಳಿ ಇರುವ ಮಟ್ಟಿಗೆ ಕನಿಷ್ಠ 15 ನಿಮಿಷ ನಿಲ್ಲಬೇಕು, ಆಮೇಲೆ 24 ಗಂಟೆ ನೀರಿಗಿಳಿಯುವಂತಿಲ್ಲ. ಇದು ತುರ್ತು ಕ್ರಮ ಮಾತ್ರ, ಇದನ್ನು ನೆಚ್ಚಿ ಯೋಜನೆ ಮಾಡುವುದಲ್ಲ.

ಟೇಬಲ್ ಕೈಕೊಡುವ ಜಾಗ

25 ಮೀಟರಿನಲ್ಲಿ 10 ನಿಮಿಷ, ಆಮೇಲೆ ಬಂಡೆ ಹತ್ತಿಕೊಂಡು 12 ಮೀಟರಿನಲ್ಲಿ 30 ನಿಮಿಷ. ತೀರಾ ಸಾಮಾನ್ಯ ಡೈವ್. ಟೇಬಲ್ ಮಾತ್ರ ಇದನ್ನು 25 ಮೀಟರಿನಲ್ಲಿ 40 ನಿಮಿಷ ಎಂದು ಓದುತ್ತದೆ. ಅಲ್ಲಿನ ಮಿತಿ 29, ಹಾಗಾಗಿ ಟೇಬಲ್ ಪ್ರಕಾರ ನೀವು 11 ನಿಮಿಷ ಮೀರಿದ್ದೀರಿ. ಕಂಪ್ಯೂಟರ್ ಮೇಲೇರಿದ್ದನ್ನು ಗಮನಿಸಿ, 12 ಮೀಟರಿನಲ್ಲಿ ಉಳಿದ ಸಮಯವನ್ನು ಮತ್ತೆ ಹೆಚ್ಚಿಸಿ ತೋರಿಸುತ್ತದೆ. 1983ರಲ್ಲಿ ಓರ್ಕಾ ಕಂಪನಿಯ ಎಡ್ಜ್ ಎಂಬ ಡೈವ್ ಕಂಪ್ಯೂಟರ್ ಬಂದ ಮೇಲೆ ಮನರಂಜನಾ ಡೈವರ್‌ಗಳಿಗೆ ಈ ಅನುಕೂಲದ ರುಚಿ ಹತ್ತಿತು, ಮತ್ತೆ ಹಿಂದೆ ಹೋಗಲಿಲ್ಲ.

ಟೇಬಲ್ ಹೆಚ್ಚು ಸುರಕ್ಷಿತ, ಕಂಪ್ಯೂಟರ್ ಅಪಾಯ ಎಂದು ಹೇಳುವವರು ಈಗಲೂ ಇದ್ದಾರೆ. ಆ ಮಾತು ಅರ್ಧ ಮಾತ್ರ ನಿಜ. ಟೇಬಲ್‌ನಲ್ಲಿ ಯಾವಾಗಲೂ ಮುಂದಿನ ದೊಡ್ಡ ಸಂಖ್ಯೆಗೆ ಹೋಗುವುದರಿಂದ ಸಿಗುವ ಹೆಚ್ಚುವರಿ ಅಂತರ ಕಂಪ್ಯೂಟರಿನಲ್ಲಿ ಇಲ್ಲ, ಅದು ನಿಮ್ಮನ್ನು ಮಿತಿಯ ಅಂಚಿನವರೆಗೂ ಒಯ್ಯಬಲ್ಲದು. ಆದರೆ ಟೇಬಲ್ ಬಳಸುವವರು ಆಳ ತಪ್ಪಾಗಿ ಓದುತ್ತಾರೆ, ಗಡಿಯಾರ ಒತ್ತಲು ಮರೆಯುತ್ತಾರೆ, ಸಾಲು ತಪ್ಪುತ್ತಾರೆ. ಕಂಪ್ಯೂಟರ್ ಇವನ್ನು ಮಾಡುವುದಿಲ್ಲ. ಅದರ ತಪ್ಪುಗಳು ಬೇರೆ ಜಾತಿಯವು, ಬಹುತೇಕ ಎಲ್ಲವೂ ನೀರಿಗಿಳಿಯುವ ಮುಂಚೆಯೇ ಆಗಿರುತ್ತವೆ.

ದಡದ ಮೇಲೆ ಕಂಪ್ಯೂಟರ್ ನೋಡುವುದು

ಕಂಪ್ಯೂಟರ್ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವ ಗುಮಾಸ್ತ. ಸಿಲಿಂಡರಿನಲ್ಲಿ ಏನಿದೆ, ನೀವು ನಿನ್ನೆ ಎಷ್ಟು ಡೈವ್ ಮಾಡಿದಿರಿ ಎಂದು ಅದಕ್ಕೆ ತಾನಾಗಿ ಗೊತ್ತಾಗದು. ಆದ್ದರಿಂದ ಪ್ರತಿ ಡೈವಿಗೂ ಮುನ್ನ ಈ ಕ್ರಮದಲ್ಲಿ ನೋಡಿ.

ಮೊದಲು ಗ್ಯಾಸ್. ಸಿಲಿಂಡರಿನ ಆಮ್ಲಜನಕವನ್ನು ಅನಲೈಸರ್‌ನಿಂದ ನೀವೇ ಅಳೆದು, ಅದೇ ಸಂಖ್ಯೆ ಕಂಪ್ಯೂಟರಿನಲ್ಲಿದೆಯೇ ನೋಡಿ. ನಿನ್ನೆ ನೈಟ್ರಾಕ್ಸ್ 32 (32 ಪ್ರತಿಶತ ಆಮ್ಲಜನಕವಿರುವ ಗಾಳಿ) ಎಂದು ಹಾಕಿದ್ದು ಇವತ್ತೂ ಹಾಗೇ ಉಳಿದು, ಸಿಲಿಂಡರಿನಲ್ಲಿ ಸಾಧಾರಣ ಗಾಳಿ ಇದ್ದರೆ ಅತ್ಯಂತ ಅಪಾಯ: ದೇಹಕ್ಕೆ ಹೋಗುತ್ತಿರುವ ಸಾರಜನಕಕ್ಕಿಂತ ಕಡಿಮೆ ಎಣಿಸಿಕೊಂಡು ಕಂಪ್ಯೂಟರ್ ಉದಾರವಾಗಿ ಸಮಯ ಕೊಡುತ್ತದೆ. ತಿರುವುಮುರುವಾದರೆ, ಅಂದರೆ ನೈಟ್ರಾಕ್ಸ್ ಉಸಿರಾಡುತ್ತಾ ಕಂಪ್ಯೂಟರ್ ಗಾಳಿಯಲ್ಲಿದ್ದರೆ, ಸಾರಜನಕದ ಮಟ್ಟಿಗೆ ಸುರಕ್ಷಿತ. ಆದರೆ ಆಮ್ಲಜನಕದ ಆಳದ ಮಿತಿ ದಾಟಿದಾಗ ಎಚ್ಚರಿಕೆ ಕೂಗುವುದಿಲ್ಲ. ಆಮ್ಲಜನಕದ ಒತ್ತಡಕ್ಕೆ 1.4 ಬಾರ್ ಮಿತಿ ಇಟ್ಟರೆ ನೈಟ್ರಾಕ್ಸ್ 32ಕ್ಕೆ ಆ ಆಳ 33 ಮೀಟರ್, 36ಕ್ಕೆ 28. ಕೆಲವು ಮಾದರಿಗಳು ಒಂದು ಡೈವ್ ಮುಗಿದ ಮೇಲೆ ಗ್ಯಾಸ್ ಸೆಟ್ಟಿಂಗನ್ನು ತಾವೇ ಮೊದಲಿನ ಸ್ಥಿತಿಗೆ ತಳ್ಳುತ್ತವೆ. ನಿಮ್ಮದು ಹಾಗೆ ಮಾಡುತ್ತದೆಯೇ ಎಂದು ಕೈಪಿಡಿ ನೋಡಿ ತಿಳಿದುಕೊಳ್ಳಿ.

ಆಮೇಲೆ ಮೋಡ್. ಗೇಜ್ ಮೋಡ್‌ನಲ್ಲಿ ಕಂಪ್ಯೂಟರ್ ಆಳ ಮತ್ತು ಸಮಯ ಮಾತ್ರ ತೋರಿಸುತ್ತದೆ, ಸಾರಜನಕ ಎಣಿಸುವುದಿಲ್ಲ. ಗೇಜ್ ಮೋಡ್‌ನಲ್ಲಿ ಒಂದು ಡೈವ್ ಆದ ಮೇಲೆ ಹಲವು ಕಂಪ್ಯೂಟರ್‌ಗಳು 24 ಅಥವಾ 48 ಗಂಟೆ ಸಾಮಾನ್ಯ ಮೋಡ್‌ಗೆ ಬರಲು ಒಪ್ಪುವುದಿಲ್ಲ. ಯಾರೋ ಗುಂಡಿ ಒತ್ತಿ ಆಡಿದ್ದರಿಂದ ಇಡೀ ದಿನ ಹಾಳಾಗಬಹುದು.

ಮೀಟರ್–ಫುಟ್, ಸಿಹಿನೀರು–ಉಪ್ಪುನೀರು, ಸಮುದ್ರಮಟ್ಟದಿಂದ ಎತ್ತರ, ದಿನಾಂಕ ಮತ್ತು ಸಮಯ ಒಂದು ಸುತ್ತು ನೋಡಿ. ನೀರಿನ ಸೆಟ್ಟಿಂಗ್ ತಪ್ಪಿದರೆ ತೋರಿಸುವ ಆಳದಲ್ಲಿ ಸುಮಾರು 3 ಪ್ರತಿಶತ ವ್ಯತ್ಯಾಸ ಬರುತ್ತದೆ, ಕಂಪ್ಯೂಟರ್ ಲೆಕ್ಕ ಹಾಕುವುದು ಒತ್ತಡದಿಂದಲೇ ಆದ್ದರಿಂದ ಇದು ಅಷ್ಟು ದೊಡ್ಡ ವಿಷಯವಲ್ಲ. 300 ಮೀಟರಿಗಿಂತ ಎತ್ತರದ ಕೆರೆ, ಜಲಾಶಯಗಳಲ್ಲಿ ಎತ್ತರದ ಸೆಟ್ಟಿಂಗ್ ದೊಡ್ಡ ವಿಷಯವೇ, ಸಾಧಾರಣ ಟೇಬಲ್ ಅಲ್ಲಿ ನೇರವಾಗಿ ಅನ್ವಯಿಸುವುದೂ ಇಲ್ಲ.

ಬ್ಯಾಟರಿ ಒಂದು ಗೆರೆಗೆ ಇಳಿದಿದ್ದರೆ ಆಗಲೇ ಬದಲಿಸಿ. ತಣ್ಣನೆಯ ನೀರಿನಲ್ಲಿ ಬ್ಯಾಟರಿ ಇನ್ನೂ ಬೇಗ ಕುಸಿಯುತ್ತದೆ. ಬ್ಯಾಟರಿ ಬದಲಿಸುವಾಗ ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಮೇಲೆ ಒಂದು ಕೂದಲೆಳೆ ಕೂತರೂ ನೀರು ಒಳಗೆ ಬರುತ್ತದೆ. ಇನ್ನೊಂದು: ಕೆಲವು ಮಾದರಿಗಳಲ್ಲಿ ಬ್ಯಾಟರಿ ತೆಗೆದ ಕೂಡಲೇ ಹಿಂದಿನ ಡೈವ್‌ಗಳ ಸಾರಜನಕದ ಲೆಕ್ಕ ಅಳಿಸಿಹೋಗುತ್ತದೆ. ಡೈವ್ ಪ್ರವಾಸದ ನಡುವೆ ಬ್ಯಾಟರಿ ಬದಲಿಸುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಿ.

ಬಾಡಿಗೆ ಕಂಪ್ಯೂಟರ್ ಆದರೆ ಲಾಗ್ ತೆರೆದು ಕೊನೆಯ ಡೈವ್ ಯಾವಾಗ ಎಂದು ನೋಡಿ. ಬೆಳಿಗ್ಗೆ ಬೇರೆಯವರು ಬಳಸಿದ್ದರೆ ಅದು ಅವರ ಸಾರಜನಕವನ್ನು ನಿಮ್ಮ ತಲೆಗೆ ಕಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದು ಎಂದರೆ ನೀವು ಬೆಳಿಗ್ಗೆ ಒಂದು ಕಂಪ್ಯೂಟರಿನಲ್ಲಿ ಡೈವ್ ಮಾಡಿ, ಮಧ್ಯಾಹ್ನ ಇನ್ನೊಂದನ್ನು ಕಟ್ಟಿಕೊಳ್ಳುವುದು. ಹೊಸದರ ದೃಷ್ಟಿಯಲ್ಲಿ ನೀವು ಅವತ್ತು ನೀರನ್ನೇ ಮುಟ್ಟಿಲ್ಲ. ಮೊದಲ ದಿನವೇ ಅದರ ಕ್ರಮಸಂಖ್ಯೆ ಬರೆದಿಟ್ಟುಕೊಂಡು ಪ್ರವಾಸ ಮುಗಿಯುವವರೆಗೂ ಅದನ್ನೇ ಕೇಳಿ ಪಡೆಯಿರಿ.

ಕೊನೆಗೆ ಎಚ್ಚರಿಕೆಯ ಮಟ್ಟ, ಮೆನುವಿನಲ್ಲಿ ಕನ್ಸರ್ವೇಟಿಸಮ್ ಎಂದು ಇರುವುದು. ಬ್ಯೂಲ್‌ಮನ್ ಮಾದರಿಯ ಕಂಪ್ಯೂಟರ್‌ಗಳಲ್ಲಿ ಇದು ಗ್ರೇಡಿಯಂಟ್ ಫ್ಯಾಕ್ಟರ್ ರೂಪದಲ್ಲಿ, 40/85 ಎಂಬಂತೆ ಎರಡು ಸಂಖ್ಯೆಯಾಗಿ ಇರುತ್ತದೆ. ಎರಡನೆಯದು 85 ಎಂದರೆ ಮೇಲ್ಮೈಗೆ ಬರುವಾಗ ಮಾದರಿ ಒಪ್ಪುವ ಹೆಚ್ಚುವರಿ ಒತ್ತಡದಲ್ಲಿ 85 ಪ್ರತಿಶತಕ್ಕೇ ನಿಲ್ಲಿಸುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಜಾಗ್ರತೆ ಹೆಚ್ಚು, ಸಮಯ ಕಡಿಮೆ. ವಯಸ್ಸು, ದಣಿವು, ಸತತ ಡೈವ್ ದಿನಗಳು, ನೀರಡಿಕೆ ಇವು ಯಾವುದೂ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಈ ಸೆಟ್ಟಿಂಗ್ ಮೂಲಕ ನೀವೇ ಹೇಳಬೇಕು. ಬಡ್ಡಿಗೆ (ಜೊತೆಗೆ ಡೈವ್ ಮಾಡುವ ಸಂಗಾತಿಗೆ) ಸಿಗುವಷ್ಟೇ ಸಮಯ ಸಿಗಲಿ ಎಂದು ಇದನ್ನು ಸಡಿಲಿಸುವುದು ಮೂರ್ಖತನ.

ಸುಳ್ಳು ಹಿಡಿಯುವುದು

ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಪ್ಲಾನ್ ಮೋಡ್ ಇದೆ: ಒಂದೊಂದು ಆಳಕ್ಕೂ ಸಿಗುವ ಎನ್‌ಡಿಎಲ್ ಅನ್ನು ಸರದಿಯಾಗಿ ತೋರಿಸುತ್ತದೆ. ದಿನದ ಮೊದಲ ಡೈವಿಗೆ ಮುನ್ನ ಅದನ್ನು ತೆರೆದು ನೆನಪಿನಲ್ಲಿರುವ 18–56, 25–29, 30–20ರ ಜೊತೆ ಹೋಲಿಸಿ.

ಕಂಪ್ಯೂಟರ್ ತೋರಿಸುವುದು ಸ್ವಲ್ಪ ಕಡಿಮೆ ಇದ್ದರೆ ಸಹಜ. 30 ಮೀಟರಿಗೆ ಹಲವು ಕಂಪ್ಯೂಟರ್‌ಗಳು 20ಕ್ಕಿಂತ ಕಡಿಮೆಯೇ ಕೊಡುತ್ತವೆ. ಬಹಳ ಕಡಿಮೆ ಇದ್ದರೆ ಹಿಂದಿನವರ ಡೈವ್ ಉಳಿದಿದೆಯೇ, ಎತ್ತರದ ಸೆಟ್ಟಿಂಗ್ ಹಾಗೇ ಇದೆಯೇ, ಕನ್ಸರ್ವೇಟಿಸಮ್ ತುದಿಗೆ ಹೋಗಿದೆಯೇ ನೋಡಿ. ಸಾಧಾರಣ ಗಾಳಿಯಲ್ಲಿ ಟೇಬಲ್‌ಗಿಂತ ಗಣನೀಯವಾಗಿ ಹೆಚ್ಚು ತೋರಿಸಿದರೆ ನಿಲ್ಲಿ. ಮೊದಲ ಅನುಮಾನ ಗ್ಯಾಸ್ ಸೆಟ್ಟಿಂಗ್ ಮೇಲೆ ಬೀಳಬೇಕು.

ಏಕೆ ಎಂದು ಒಂದು ಲೆಕ್ಕದಲ್ಲಿ ನೋಡೋಣ. ನೈಟ್ರಾಕ್ಸ್ 32ರಲ್ಲಿ ಸಾರಜನಕ 68 ಪಾಲು. 24 ಮೀಟರಿಗೆ 10 ಸೇರಿಸಿದರೆ 34, ಅದನ್ನು 0.68ರಿಂದ ಗುಣಿಸಿದರೆ 23.12, 0.79ರಿಂದ ಭಾಗಿಸಿದರೆ 29.27, 10 ಕಳೆದರೆ 19.27. ಅಂದರೆ 24 ಮೀಟರಿನಲ್ಲಿ ನೈಟ್ರಾಕ್ಸ್ 32 ಉಸಿರಾಡುವುದು ಸಾರಜನಕದ ಮಟ್ಟಿಗೆ 19.27 ಮೀಟರಿನಲ್ಲಿ ಗಾಳಿ ಉಸಿರಾಡಿದಂತೆ. ಟೇಬಲ್‌ನಲ್ಲಿ 20ರ ಸಾಲು, 45 ನಿಮಿಷ. ಗಾಳಿಯಲ್ಲಾದರೆ 25ರ ಸಾಲು, 29 ನಿಮಿಷ. ಸಿಲಿಂಡರಿನಲ್ಲಿ ಗಾಳಿ ತುಂಬಿಸಿಕೊಂಡು, ಕಂಪ್ಯೂಟರ್ 24 ಮೀಟರಿಗೆ 40ರ ಮೇಲೆ ತೋರಿಸುತ್ತಿದ್ದರೆ ಅದು ಇನ್ನೂ ನಿನ್ನೆಯ ನೈಟ್ರಾಕ್ಸ್‌ನಲ್ಲೇ ಇದೆ ಎಂದು ಸ್ಪಷ್ಟ. 29 ಎಂಬ ಸಂಖ್ಯೆ ತಲೆಯಲ್ಲಿ ಇಲ್ಲದವರಿಗೆ ಆ 40 ಸಂತೋಷದ ಸುದ್ದಿಯಾಗಿಯೇ ಕಾಣುತ್ತದೆ.

ಸಮಯದ ಜೊತೆ ಗಾಳಿಯನ್ನೂ ಇಲ್ಲೇ ತೂಗಿ ನೋಡಿ, ಎನ್‌ಡಿಎಲ್ ಇದೆ ಎಂದರೆ ಗಾಳಿ ಇದೆ ಎಂದಲ್ಲ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 20 ಮೀಟರಿನಲ್ಲಿ, 3 ಬಾರ್ ಒತ್ತಡದಲ್ಲಿ, 60 ಲೀಟರ್ ಖರ್ಚು ಮಾಡುತ್ತಾರೆ. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಇದ್ದರೆ 2400 ಲೀಟರ್. 50 ಬಾರ್ ಮೀಸಲು ತೆಗೆದರೆ ಉಳಿಯುವುದು 1800, ಅಂದರೆ 30 ನಿಮಿಷ. ಟೇಬಲ್ 45 ಎನ್ನುತ್ತದೆ, ಗಾಳಿ 30ಕ್ಕೇ ಮುಗಿಯುತ್ತದೆ, ಏರಲು ಬೇಕಾದದ್ದನ್ನೂ ಕಳೆದರೆ ಇನ್ನೂ ಕಡಿಮೆ. ಒಂದೇ ಸಿಲಿಂಡರಿನ ಮೊದಲ ಡೈವಿನಲ್ಲಿ ಗಾಳಿಯೇ ಮೊದಲು ತಡೆಯುವುದರಿಂದ ಅನೇಕರಿಗೆ ಸಾರಜನಕದ ಮಿತಿ ಎದುರಾಗುವುದೇ ಇಲ್ಲ. ಅದು ಎದುರಾಗುವುದು ಆಳಕ್ಕೆ ಹೋದಾಗ, ಅಥವಾ ಅದೇ ದಿನದ ಎರಡನೇ, ಮೂರನೇ ಡೈವಿನಲ್ಲಿ.

ನೀರಿನೊಳಗೆ

ಎನ್‌ಡಿಎಲ್ ಸೊನ್ನೆಗೆ ಬರಲು ಬಿಡಬೇಡಿ. 5 ನಿಮಿಷ ಉಳಿದಾಗಲೇ ಮೇಲಿನ ಆಳಕ್ಕೆ ಸರಿಯಿರಿ. ಸೊನ್ನೆ ದಾಟಿದರೆ ಪರದೆ ಡಿಕೋ ಎಂದು ತೋರಿಸಿ, ಇಂಥ ಆಳದಲ್ಲಿ ಇಷ್ಟು ನಿಮಿಷ ನಿಲ್ಲಬೇಕು ಎನ್ನುತ್ತದೆ. ಹೆಚ್ಚಾಗಿ 3 ಮೀಟರಿನಲ್ಲಿ. ಆ ಆಳವನ್ನು ದಾಟಿ ಮೇಲೆ ಬರಬಾರದು. ಬಂದರೆ ಹಲವು ಕಂಪ್ಯೂಟರ್‌ಗಳು ಬೀಗ ಹಾಕಿಕೊಂಡು 24–48 ಗಂಟೆ ಗೇಜ್ ಮಾತ್ರ ಆಗಿ ಕೂರುತ್ತವೆ. ಅದನ್ನು ಬಿಡಿಸಲು ಇನ್ನೊಂದು ಕಂಪ್ಯೂಟರ್ ಕೇಳುವುದು ಪರಿಹಾರವಲ್ಲ, ಬೀಗ ಬಿದ್ದಿರುವುದು ನಿಮ್ಮ ದೇಹದ ಕಾರಣಕ್ಕೆ.

ಒಂದು ಕಂಪ್ಯೂಟರನ್ನು ಇಬ್ಬರು ಹಂಚಿಕೊಳ್ಳಬೇಡಿ. ಪಕ್ಕದಲ್ಲೇ ಈಜುತ್ತಿದ್ದರೂ ಇಬ್ಬರ ಆಳದಲ್ಲಿ ಎರಡು ಮೂರು ಮೀಟರ್ ಅಂತರ ಬರುತ್ತಲೇ ಇರುತ್ತದೆ. ಇಬ್ಬರ ಕಂಪ್ಯೂಟರ್ ಬೇರೆ ಬೇರೆ ಹೇಳಿದರೆ ಕಡಿಮೆ ಸಮಯ ಹೇಳುವುದರ ಮಾತು ಇಬ್ಬರೂ ಕೇಳಬೇಕು. ಅತಿ ಆಳದ ಭಾಗವನ್ನು ಡೈವಿನ ಆರಂಭದಲ್ಲೇ ಮುಗಿಸಿ ನಿಧಾನವಾಗಿ ಮೇಲೆ ಬರುವ ಕ್ರಮ ಇಟ್ಟುಕೊಳ್ಳಿ. ಮತ್ತೆ ಮತ್ತೆ ಇಳಿದು ಏರುವ ಡೈವಿಗೂ ಕಂಪ್ಯೂಟರ್ ಲೆಕ್ಕ ಕೊಡುತ್ತದೆ, ಕೊಟ್ಟ ಮಾತ್ರಕ್ಕೆ ದೇಹ ಒಪ್ಪಬೇಕೆಂದಿಲ್ಲ.

ಕಂಪ್ಯೂಟರ್ ನಡುವೆಯೇ ಆರಿಹೋದರೆ

ಡೈವ್ ಮುಗಿಯಿತು. ಬಡ್ಡಿಗೆ ಸನ್ನೆ ಮಾಡಿ, ನಿಮ್ಮ ಅತಿ ಚಿಕ್ಕ ಗುಳ್ಳೆಗಳಿಗಿಂತ ನಿಧಾನವಾಗಿ 5 ಮೀಟರಿಗೆ ಬನ್ನಿ. ಮೀಸಲು ಬಿಟ್ಟು ಗಾಳಿ ಎಷ್ಟು ಅವಕಾಶ ಕೊಡುತ್ತದೋ ಅಷ್ಟು ಹೊತ್ತು ಅಲ್ಲಿ ನಿಂತು ಮೇಲೆ ಬನ್ನಿ. ಬಡ್ಡಿಯ ಕಂಪ್ಯೂಟರ್ ಏರುವ ವೇಗ ಮತ್ತು ಆಳ ನೋಡಲು ಸಹಾಯ ಮಾಡಬಹುದು, ನಿಮ್ಮ ಸಾರಜನಕ ಹೇಳಲಾರದು.

ನಂತರದ ಪ್ರಶ್ನೆಯೇ ಕಠಿಣ: ಮಧ್ಯಾಹ್ನದ ಡೈವನ್ನು ಟೇಬಲ್‌ನಲ್ಲಿ ಮಾಡಬಹುದೇ? ಟೇಬಲ್ ಕಲಿತವರು ಇಲ್ಲಿ ಸುಲಭವಾಗಿ ಮೋಸ ಹೋಗುತ್ತಾರೆ. ಟೇಬಲ್‌ಗೆ ಕಾಲಿಡಲು ಒಂದು ಅಕ್ಷರ ಬೇಕು. ಬೆಳಗಿನಿಂದ ಮಾಡಿದ ಪ್ರತಿ ಡೈವಿನ ಗರಿಷ್ಠ ಆಳ, ಬಾಟಮ್ ಟೈಮ್, ಇಂಟರ್ವಲ್ ನಿಮ್ಮ ಬಳಿ ಬರಹದಲ್ಲಿದ್ದು, ಆ ಎಲ್ಲ ಡೈವ್‌ಗಳೂ ಟೇಬಲ್‌ನ ಮಿತಿಯೊಳಗೇ ಬಿದ್ದಿದ್ದರೆ ಮಾತ್ರ ಆ ಅಕ್ಷರ ಸಿಗುತ್ತದೆ. ಮೇಲೆ ಹೇಳಿದ 25 ಮತ್ತು 12 ಮೀಟರಿನ ಡೈವ್ ಒಂದೇ ಒಂದು ಮಾಡಿದ್ದರೂ ಸಾಕು, ಟೇಬಲ್‌ನ ಕಣ್ಣಿನಲ್ಲಿ ನೀವು 11 ನಿಮಿಷ ಮಿತಿ ಮೀರಿದವರು. ಅಂಥವರಿಗೆ ಅಲ್ಲಿ ಅಕ್ಷರವೇ ಇಲ್ಲ. ಸರಾಸರಿ ಆಳ ಹಿಡಿದು ಅಕ್ಷರ ಹುಟ್ಟಿಸಿಕೊಳ್ಳುವುದು ಕೆಲವರ ಉಪಾಯ, ಆರ್‌ಡಿಪಿ ಅದಕ್ಕೆಂದು ಮಾಡಿದ್ದಲ್ಲ. 24 ಗಂಟೆ ಮೇಲೆ ಕೂತು, ದೇಹ ಖಾಲಿಯಾದ ಮೇಲೆ ಹೊಸ ಕಂಪ್ಯೂಟರಿನಲ್ಲಿ ಹೊಸದಾಗಿ ಶುರುಮಾಡಿ.

ಆದ್ದರಿಂದ ನಾಲ್ಕೈದು ದಿನ ಸತತವಾಗಿ ಡೈವ್ ಮಾಡುವವರಿಗೆ ಬದಲಿ ವ್ಯವಸ್ಥೆ ಎಂದರೆ ಎರಡನೇ ಕಂಪ್ಯೂಟರ್. ಅದು ಚೀಲದಲ್ಲಿ ಅಲ್ಲ, ಪ್ರತಿ ಡೈವಿನಲ್ಲೂ ಮೈಮೇಲೆ ಇರಬೇಕು, ಸಾಧ್ಯವಾದರೆ ಅದೇ ಲೆಕ್ಕದ ಮಾದರಿಯದು, ಅದೇ ಗ್ಯಾಸ್ ಸೆಟ್ಟಿಂಗ್‌ನಲ್ಲಿ. ಒಂದು ಸತ್ತರೆ ಇನ್ನೊಂದಕ್ಕೆ ಇಡೀ ಇತಿಹಾಸ ಗೊತ್ತಿರುತ್ತದೆ. ದಿನಕ್ಕೆ ಒಂದೆರಡು ಆಳವಿಲ್ಲದ ಡೈವ್ ಮಾಡುವವರಿಗೆ ಆಳದ ಗೇಜ್, ಡೈವ್ ಗಡಿಯಾರ, ಟೇಬಲ್ ಸಾಕು. ಷರತ್ತು ಒಂದೇ: ಮೊದಲ ಡೈವಿನಿಂದಲೇ ಟೇಬಲ್‌ನ ಮಿತಿಯೊಳಗೆ ಇರಬೇಕು. ದಿನದ ಮಧ್ಯದಲ್ಲಿ ನೆನಪಾಗಿ ತೆರೆದರೆ ಅದು ಕೆಲಸಕ್ಕೆ ಬಾರದು.

ಮೇಲೆ ಬಂದ ಮೇಲೆ

ಕೀಲುನೋವು, ಜುಮುಜುಮು, ಮರಗಟ್ಟುವಿಕೆ, ಚರ್ಮದ ಮೇಲೆ ಕಲೆ, ಕಾರಣವಿಲ್ಲದ ವಿಪರೀತ ಸುಸ್ತು ಕಂಡರೆ ಕಂಪ್ಯೂಟರ್ ಏನು ಹೇಳಿತ್ತು ಎಂಬುದನ್ನು ಬದಿಗಿಡಿ. ಮಿತಿಯೊಳಗೆ ಇದ್ದವರಿಗೂ ಡಿಕಂಪ್ರೆಷನ್ ಕಾಯಿಲೆ ಬರುತ್ತದೆ. ಮಲಗಿಸಿ, 100 ಪ್ರತಿಶತ ಆಮ್ಲಜನಕ ಕೊಡುತ್ತಾ ವೈದ್ಯರನ್ನು ಸಂಪರ್ಕಿಸಿ. ಮತ್ತೆ ನೀರಿಗಿಳಿಸಿ ಸರಿಮಾಡಲು ಹೋಗಬೇಡಿ. ಕಂಪ್ಯೂಟರನ್ನು ರೋಗಿಯ ಜೊತೆಗೇ ಕಳಿಸಿ, ಅದರಲ್ಲಿರುವ ಡೈವಿನ ದಾಖಲೆ ವೈದ್ಯರಿಗೆ ಬೇಕಾಗುತ್ತದೆ.

ವಿಮಾನ ಹತ್ತುವ ಮುನ್ನ ಡಿಕಂಪ್ರೆಷನ್ ಬೇಡದ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ 18 ಗಂಟೆ. ಡಿಕಂಪ್ರೆಷನ್ ನಿಲುಗಡೆ ಬೇಕಾದ ಡೈವ್ ಆಗಿದ್ದರೆ 24 ಗಂಟೆಗೂ ಹೆಚ್ಚು ಕಾಯಿರಿ. ಕಂಪ್ಯೂಟರಿನ ವಿಮಾನದ ಚಿಹ್ನೆ ಇದಕ್ಕಿಂತ ಮೊದಲೇ ಮಾಯವಾದರೂ ಈ ಗಂಟೆಗಳನ್ನೇ ಪಾಲಿಸಿ. ಎತ್ತರದ ಘಟ್ಟದ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗಲೂ ಒತ್ತಡ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ.

ಆ ದಿನವೇ ಲಾಗ್ ಬರೆಯಿರಿ: ಗರಿಷ್ಠ ಆಳ, ಬಾಟಮ್ ಟೈಮ್, ನೀರಿಗಿಳಿದ ಮತ್ತು ಹೊರಬಂದ ಗಂಟೆ, ಗ್ಯಾಸ್, ಆರಂಭ ಮತ್ತು ಕೊನೆಯ ಬಾರ್, ಮೇಲೇರಲು ಹೊರಟಾಗ ಉಳಿದಿದ್ದ ಎನ್‌ಡಿಎಲ್. ಅದರ ಪಕ್ಕದಲ್ಲಿ ಅದೇ ಡೈವಿಗೆ ಟೇಬಲ್ ಕೊಡುವ ಅಕ್ಷರವನ್ನೂ ಬರೆಯಿರಿ, ಮಿತಿ ಮೀರಿ ಅಕ್ಷರ ಸಿಗದಿದ್ದರೆ ಒಂದು ಅಡ್ಡಗೆರೆ ಎಳೆಯಿರಿ. ಕಂಪ್ಯೂಟರ್ ಕೆಟ್ಟ ದಿನ ಮುಂದಿನ ಡೈವ್ ಟೇಬಲ್‌ನಲ್ಲಿ ಸಾಧ್ಯವೇ ಎಂದು ಆ ಒಂದು ಕಾಲಂ ನೋಡಿದರೆ ತಿಳಿಯುತ್ತದೆ.